ತೊಟ್ಟು

ಬಾಲಾ ಎಂಬ ವೇಲ್ಸಿನ ಊರಿನಾಚೆ, ಏಪ್ರಿಲ್, ಬೆಳಗಿನ ಐದೂವರೆ.
ಕುರಿ ಬೆಟ್ಟದ ಮೇಲಿದೆ, ಹೆರಲಾರದೆ ಒದ್ದಾಡುತ್ತಿದೆ ಎಂದು
ಫೋನು ಮಾಡಿ ಎಬ್ಬಿಸಿದ ಗ್ವಿಲಿಮ್
ಈಗ ಕೊಟ್ಟಿಗೆಯಲ್ಲಿ ಸೊಂಟ ಹಿಡಿದು ನಿಂತಿದ್ದಾನೆ.
ಕ್ವಾಡ್ ಬೈಕು ಹೊರಡುವುದಿಲ್ಲವಂತೆ.
ಅದರ ಹೊಟ್ಟೆಯಡಿಯಿಂದ ಪೆಟ್ರೋಲು,
ತೊಟ್ಟು. ತಡೆದು, ಇನ್ನೊಂದು ತೊಟ್ಟು.
ಕೆಳಗೆ ಯಾರೋ ಇಟ್ಟ ಕೇಕಿನ ತಟ್ಟೆ.
ಹನಿಗೂಡಿ ಹಳ್ಳವಾಗುವುದನ್ನು ಗಾದೆಯಲ್ಲಿ ಕೇಳಿದ್ದೆ,
ಕಣ್ಣಾರೆ ನೋಡಿದ್ದು ಇದೇ ಮೊದಲು.

ನಡೆದೇ ಹೋಗೋಣವೆಂದರೆ ಒಂದು ಗಂಟೆಯ ಏರು,
ಮಂಜಿನಲ್ಲಿ ನನಗೆ ದಾರಿ ತಿಳಿಯದು,
ದಾರಿ ಬಲ್ಲವನ ಹೊಸ ಸೊಂಟಕ್ಕೆ ಇನ್ನೂ ನಾಲ್ಕು ತಿಂಗಳು.

ನಾನು ಪಶುವೈದ್ಯೆ. ಗರ್ಭದ ಕತ್ತಲಲ್ಲಿ
ಯಾವುದು ಮುಂಗಾಲು, ಯಾವುದು ಹಿಂಗಾಲು, ಬೆರಳಿಗೆ ಗೊತ್ತು.
ಕಾರ್ಬ್ಯುರೇಟರ್ ಬಗ್ಗೆ ಗೊತ್ತಿದ್ದದ್ದು ಒಂದೇ:
ಹಾವೇರಿಯಲ್ಲಿ ಸ್ಕೂಟರು ಮುನಿಸಿಕೊಂಡರೆ
ಮಗ್ಗುಲಿಗೆ ವಾಲಿಸಿ, ಮೂರೆಣಿಸಿ, ಒದೆಯಬೇಕು.
ಹೇಳಿದೆ.
"ಇದಕ್ಕೆ ನಾಲ್ಕು ಕಾಲು, ಡಾಕ್ಟರೇ," ಅಂತು ಹಿಂದಿನಿಂದ ಒಂದು ದನಿ,
"ವಾಲಿಸಿದರೆ ನಿಮ್ಮ ಮೇಲೇ ಬೀಳುತ್ತೆ."

ಹೆಲೆದ್. ಹನ್ನೊಂದು ವರ್ಷ. ಪೈಜಾಮದ ಮೇಲೆ ಅಜ್ಜನ ಕೋಟು,
ಹಲ್ಲಿಗೆ ತಂತಿ. ಅಜ್ಜನನ್ನು ಕರೆಯುವುದು ತೈಡ್ ಎಂದು,
ನಮ್ಮ ತಾತನಿಂದ ಅರ್ಧ ಅಕ್ಷರ ದೂರ.

ಮೊದಲು ಪೆಟ್ರೋಲಿನ ನಲ್ಲಿ ತಿರುಗಿಸಿದಳು.
ಎಣ್ಣೆಯ ಕಡ್ಡಿ ಎಳೆದು ಮೂಸಿದಳು, ನನ್ನ ಮೂಗಿಗೂ ಹಿಡಿದಳು:
"ಎಂಜಿನ್ನಿಗೆ ಇಳಿದಿಲ್ಲ. ಬದುಕಿದೆವು."
ನನ್ನ ಕಸುಬಿನಲ್ಲೂ ಹಾಗೇ, ಮೊದಲು ಮೂಗು, ಆಮೇಲೆ ಕೈ.

ನಾಲ್ಕು ತಿರುಪು. ಮೂರು ಬಂದವು.
ನಾಲ್ಕನೆಯದಕ್ಕೆ ತುಕ್ಕು, ಹಟ.
ಗ್ವಿಲಿಮ್ ತನ್ನ ಭಾಷೆಯಲ್ಲಿ ಅದರ ತಾಯಿಯನ್ನು ನೆನೆದ;
ಬಂತು.
ಬಟ್ಟಲು ಕಳಚಿದರೆ ತಳದಲ್ಲಿ ಹಸಿರು ಗಷ್ಟು,
ಅವನು ಆಸ್ಪತ್ರೆಯಲ್ಲಿದ್ದಷ್ಟು ದಿನ ನಿಂತೇ ಇದ್ದ ಪೆಟ್ರೋಲು
ಬೆಲ್ಲದ ಪಾಕದಂತೆ ಅಂಟು.
ಮೇಲೊಂದು ತೇಲುಗುಂಡು, ಅದರ ಕೊರಳಿಗೆ ತೂಗಿದ
ಸೂಜಿ, ಅಕ್ಕಿಕಾಳಿಗಿಂತ ತುಸು ಉದ್ದ.
"ಬಟ್ಟಲು ತುಂಬಿದರೆ ಗುಂಡು ಏಳುತ್ತೆ, ಸೂಜಿ ಬಾಯಿ ಮುಚ್ಚುತ್ತೆ.
ಮುಚ್ಚದಿದ್ದರೆ ಸೋರುತ್ತೆ. ಅಷ್ಟೇ."
ಯಂತ್ರವೊಂದಕ್ಕೆ ಸಾಕು ಎನ್ನಲು ಕಲಿಸುವುದಕ್ಕೆ
ಇಷ್ಟು ಚಿಕ್ಕ ನಾಲಗೆ.

ನನ್ನ ಚೀಲದ ಇಕ್ಕಳ ಕೇಳಿದಳು. ಕೊಟ್ಟೆ.
ಸಿರಿಂಜು ಕೇಳಿದಳು, ಸಣ್ಣ ರಂಧ್ರಗಳಿಗೆಲ್ಲ
ಪಿಚಕಾರಿ ಹೊಡೆದಳು.
ಹತ್ತಿ ಕೇಳಿದಳು, ಅಡುಗೆಮನೆಗೆ ಓಡಿ
ತನ್ನದೇ ಟೂತ್‌ಪೇಸ್ಟು ತಂದು
ಸೂಜಿ ಕೂರುವ ಹಿತ್ತಾಳೆ ಕುಳಿಯನ್ನು ತಿರುವಿ ತಿರುವಿ ಉಜ್ಜಿದಳು.
ಇಪ್ಪತ್ತು ವರ್ಷ ಅದು ಕೊಡಿ, ಇದು ಹಿಡಿಯಿರಿ ಎಂದವಳು ನಾನು.
ಇವತ್ತು ಟಾರ್ಚು ಹಿಡಿದೆ.

ಸೂಜಿಯ ರಬ್ಬರು ಮೊನೆಯಲ್ಲಿ ಸವೆದ ಒಂದು ಉಂಗುರ,
ಕಣ್ಣಿಗೆ ಸಿಗಲಿಲ್ಲ, ಉಗುರಿಗೆ ಸಿಕ್ಕಿತು.
"ಹೊಸದು ಬರೋದು ಗುರುವಾರ. ಅಲ್ಲೀವರೆಗೆ ಇದೇ."

ಜೋಡಿಸಿ, ನಲ್ಲಿ ತೆರೆದು,
ಕೇಕಿನ ತಟ್ಟೆಯ ಸುತ್ತ ಕುಕ್ಕರುಗಾಲಲ್ಲಿ ಕೂತೆವು,
ಗ್ವಿಲಿಮ್ ಮಾತ್ರ ಮಗುಚಿದ ಬಕೆಟ್ಟಿನ ಮೇಲೆ.
ಕೊಳವೆಯ ತುದಿಯಲ್ಲೊಂದು ತೊಟ್ಟು ಕೂಡಿತು,
ದುಂಡಗಾಯಿತು, ಬೀಳಲೋ ಬೇಡವೋ ಎಂದು ತೂಗಿತು.
ಬೀಳಲಿಲ್ಲ.
ನಂಬದೆ ಇನ್ನೂ ಸ್ವಲ್ಪ ಹೊತ್ತು ನೋಡಿದೆವು.

ಹೆಲೆದ್ ಶಾಲೆಯ ಬಸ್ಸಿಗೆ. ಗ್ವಿಲಿಮ್ ಹ್ಯಾಂಡಲ್ಲಿಗೆ.
ನಾನು ಹಿಂದಿನ ಟ್ರೇಲರಿನಲ್ಲಿ, ಹುಲ್ಲಿನ ಜೊತೆ ಕುಲುಕುತ್ತ.

ಕಲ್ಲುಗೋಡೆಯ ಮರೆಯಲ್ಲಿ ಕುರಿ ಎದ್ದು ನಿಂತಿತ್ತು.
ಕಾಲಬುಡದಲ್ಲಿ ಹಳದಿ ಲೋಳೆಯ ಮರಿ, ನಡುಗುತ್ತ.
ಯಾರನ್ನೂ ಕಾಯದೆ ಹೆತ್ತಿದ್ದಳು.
ಇನ್ನೊಂದು ಅಷ್ಟು ದೂರದಲ್ಲಿ, ಉಸಿರಿಲ್ಲದೆ.
ಅರ್ಧ ಗಂಟೆ ಮುಂಚೆ ಬಂದಿದ್ದರೆ
ಎಂದು ಲೆಕ್ಕ ಹಾಕಲು ಹೋಗಿ ಬಿಟ್ಟೆ.

ಅಭ್ಯಾಸಬಲದಿಂದ ಕೈ ಚಾಚಿದೆ. ಕುರಿ ಹಿಂದೆ ಸರಿಯಿತು.
ಕೈ ಮೂಸಿಕೊಂಡೆ: ಪೆಟ್ರೋಲು.
ಮುಟ್ಟಿದರೆ ಮರಿಗೂ ಅದೇ ವಾಸನೆ,
ತಾಯಿ ಒಲ್ಲೆನೆಂದರೆ ಮುಗಿಯಿತು.
ಎರಡೂ ಕೈ ಜೇಬಿಗಿಳಿಸಿ ನಿಂತೆ.

ಮರಿ ಎದ್ದಿತು, ಬಿದ್ದಿತು, ಎದ್ದಿತು.
ಮುಂಗಾಲ ಸಂದಿಯಲ್ಲಿ ಸುಮ್ಮನೆ ಉಣ್ಣೆ ಚೀಪಿತು,
ಹೊಟ್ಟೆಯುದ್ದಕ್ಕೂ ಮೂತಿ ತಡವುತ್ತ ಹಿಂದೆ ಹಿಂದೆ ಹೋಗಿ
ತೊಟ್ಟು ಹಿಡಿಯಿತು. ಬಾಲ ಅದುರಿತು.

ಗ್ವಿಲಿಮ್ ಅತ್ತ ಕ್ವಾಡಿನಡಿ ಬಗ್ಗಿ ನೋಡುತ್ತಿದ್ದ.
ಒಣಗಿದೆ, ಎಂದ, ಯಾರಿಗೋ.